ಪ್ರೋಗ್ರಾಮರ್: ಬಳಕೆಯ ಕೈಪಿಡಿ

ಹೊಸ ಪ್ರೋಗ್ರಾಮರನ್ನು ಮನೆತುಂಬಿಸಿಕೊಂಡದ್ದಕ್ಕೆ ಅಭಿನಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಮಿಕ್ಸಿಯದನ್ನು ಅಟ್ಟಕ್ಕೆ ಎಸೆದಂತೆ ಇದನ್ನೂ ಎಸೆಯಬೇಡಿ.

ಪೆಟ್ಟಿಗೆಯೊಳಗೆ ಇರುವುದು: ಒಬ್ಬ ಮನುಷ್ಯ, ಒಂದು ಲ್ಯಾಪ್‌ಟಾಪ್, ಕೊರಳಿಗೊಂದು ಬ್ಯಾಡ್ಜ್. ಜಾಹೀರಾತಿನಲ್ಲಿ ಹೇಳಿದ್ದ ಸೃಜನಶೀಲತೆ ಬೇರೆ ಪೊಟ್ಟಣದಲ್ಲಿ ಬರುವುದಿಲ್ಲ, ಥರ್ಮೋಕೋಲಿನ ಅಡಿಯಲ್ಲಿ ತಡಕಾಡಬೇಡಿ. ಒಳಗೇ ಕೂಡಿಸಿದೆ. ಬಿಚ್ಚಿ ನೋಡಿದರೆ ವಾರಂಟಿ ಹೋಗುತ್ತದೆ.

ಚಾಲೂ ಮಾಡುವ ವಿಧಾನ: ಗೋಡೆಗೆ ಬಣ್ಣದ ಚೀಟಿ ಅಂಟಿಸಿ, ಶುಕ್ರವಾರ ಮೂರರಿಂದ ನಾಲ್ಕರವರೆಗೆ ಎಲ್ಲರೂ ಹೊಸದಾಗಿ ಯೋಚಿಸತಕ್ಕದ್ದು ಎಂದು ಮೀಟಿಂಗ್ ಕರೆಯುವವರಿದ್ದಾರೆ. ಇದರಿಂದ ಬಿಸ್ಕತ್ತು ಖರ್ಚಾಗುತ್ತದೆ, ಅಷ್ಟೇ. ಈ ಯಂತ್ರ ಓಡುವುದು ಇಕ್ಕಟ್ಟಿನ ಮೇಲೆ. ಇಂಗ್ಲಿಷಿನ ಕೀಲಿಮಣೆ ಕೈಗೆ ಕೊಟ್ಟು, ಇದರಲ್ಲೇ ಕನ್ನಡ ಮೂಡಿಸು ಎನ್ನಿ. ಇತ್ತ 26 ಅಕ್ಷರದ ಕೀಲಿ, ಅತ್ತ 49 ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತು. ಪ್ರತಿ ರೂಪಕ್ಕೂ ಒಂದು ಕೀಲಿ ಇಡಲು ಹೊರಟರೆ ಮೇಜು ಸಾಲದು. ಇದೇ ಇಕ್ಕಟ್ಟಿಗೆ ಕೀಲಿಮಣೆಯ ವಿನ್ಯಾಸ ಹುಡುಕಿದ ಕಿನ್ನಿಕಂಬಳದ ಕೆ.ಪಿ. ರಾವ್ ಅಕ್ಷರದ ಆಕಾರವನ್ನು ಬಿಟ್ಟು ಸದ್ದನ್ನು ಹಿಡಿದರು. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಕ ಆದಮೇಲೆ ಇಂಗ್ಲಿಷಿನ ಐ ಒತ್ತಿದರೆ ಅದು ತಾನೇ ಕಿ ಆಗುತ್ತದೆ. ಅಕ್ಕನನ್ನು ಕರೆಯಲು ನಾಲ್ಕೇ ಹೊಡೆತ: ಎ, ಕೆ, ಎಫ್, ಕೆ. ನಮ್ಮ ವರ್ಣಮಾಲೆಯಲ್ಲಿ ಜೋಡಿಯಿಲ್ಲದೆ ಕೂತಿದ್ದ ಎಫ್‌ಗೆ ಎಲ್ಲ ಒತ್ತಕ್ಷರಗಳ ಮೇಸ್ತ್ರಿ ಕೆಲಸ ಸಿಕ್ಕಿತು! ವ್ಯಂಜನದ ಹೊಟ್ಟೆಯಲ್ಲಿ ಅಕಾರ ಮೊದಲೇ ಇದೆ ಎಂಬ ಒಂದನೇ ತರಗತಿಯ ಪಾಠವೇ ಇಲ್ಲಿ ಬಂಡವಾಳ. ಮುಂದೆ ಕನ್ನಡ ಟೈಪಿಸುವ ನುಡಿ ತಂತ್ರಾಂಶ ನಿಂತದ್ದೂ ಇದೇ ವಿನ್ಯಾಸದ ಮೇಲೆ. ಇದರಲ್ಲಿ ಬಣ್ಣದ ಚೀಟಿಯ ಪಾತ್ರ ಎಲ್ಲೂ ಕಾಣುವುದಿಲ್ಲ.

ಎಚ್ಚರಿಕೆ: ಜಾಣತನ ಅತಿಯಾದರೆ ಸುಟ್ಟ ವಾಸನೆ ಬರುವುದು ತಡವಾಗಿ. ಕಂಪ್ಯೂಟರಿನ ಮೆಮೊರಿಗೆ ಚಿನ್ನದ ಬೆಲೆಯಿದ್ದ ಕಾಲದಲ್ಲಿ ಇಸವಿಯ ಮೊದಲೆರಡು ಅಂಕಿ ಕಿತ್ತುಹಾಕಿ ಜಾಗ ಉಳಿಸಿದ್ದೂ ಜಾಣತನವೇ. 2000 ಹತ್ತಿರ ಬಂದಾಗ, 00 ಎಂದರೆ 1900ರೋ 2000ವೋ ಎಂದು ಕಂಪ್ಯೂಟರಿಗೆ ತಿಳಿಯದ ಗಂಟು ಬಿತ್ತು. ಅದನ್ನು ಬಿಡಿಸುವ ಕೆಲಸ ಬೆಂಗಳೂರಿನ ಕಂಪನಿಗಳಿಗೂ ಧಾರಾಳವಾಗಿ ಸಿಕ್ಕಿತು. ಹಾಗಾಗಿ ಇದನ್ನು ದೋಷ ಎನ್ನಲು ನಮ್ಮೂರಿನವರಿಗೆ ನಾಲಿಗೆ ಏಳುವುದಿಲ್ಲ.

ಯಂತ್ರ ಸದ್ದು ಮಾಡದೆ ಕಿಟಕಿಯಾಚೆ ನೋಡುತ್ತಿದ್ದರೆ: ಕೆಟ್ಟಿಲ್ಲ. ಹೆಗಲು ತಟ್ಟಿ "ಎಷ್ಟು ಪರ್ಸೆಂಟ್ ಆಯ್ತು?" ಎಂದು ಕೇಳಬೇಡಿ. ಕೇಳಿದಿರೋ, ಮತ್ತೆ ಸೊನ್ನೆಯಿಂದ.

ಕೆಲಸ ಅಳೆಯುವ ಕ್ರಮ: ಬರೆದ ಸಾಲುಗಳನ್ನು ಎಣಿಸುವುದು ಎಲ್ಲಕ್ಕಿಂತ ಸುಲಭ. ಮನೆ ಕಟ್ಟಿದವನಿಗೆ ಇಟ್ಟಿಗೆಯ ತೂಕದ ಮೇಲೆ ಕೂಲಿ ಕೊಟ್ಟರೆ ಎಂಥ ಗೋಡೆ ಏಳುತ್ತದೆ ಎಂಬುದನ್ನು ಮಾತ್ರ ಊಹಿಸಿಕೊಂಡು ಎಣಿಸಿ. 1982ರಲ್ಲಿ ಆಪಲ್ ಕಂಪನಿಯ ಲೀಸಾ ಕಂಪ್ಯೂಟರ್ ತಂಡದಲ್ಲಿ ಸಾಲು ಎಣಿಸಿ ನೋಡಿದ್ದಾರೆ. ಈ ವಾರ ಎಷ್ಟು ಸಾಲು ಬರೆದಿರಿ ಎಂದು ಪ್ರತಿಯೊಬ್ಬರೂ ಒಂದು ಫಾರಂ ತುಂಬಬೇಕಿತ್ತು. ಆ ತಂಡದ ಬಿಲ್ ಆಟ್ಕಿನ್‌ಸನ್ ಆಗಷ್ಟೇ ಚಿತ್ರ ಬಿಡಿಸುವ ತಂತ್ರಾಂಶದ ಒಂದು ಭಾಗವನ್ನು ಬುಡದಿಂದ ಯೋಚಿಸಿ ಮತ್ತೆ ಬರೆದಿದ್ದರು. ಅದರ ವೇಗ ಸುಮಾರು ಆರು ಪಟ್ಟು ಹೆಚ್ಚಿತ್ತು, ಸಾಲುಗಳು ಮಾತ್ರ ಎರಡು ಸಾವಿರದಷ್ಟು ಇಳಿದಿದ್ದವು. ಅವರು ಪೆನ್ನು ತೆಗೆದು ಫಾರಮಿನ ಖಾಲಿ ಜಾಗದಲ್ಲಿ ಮೈನಸ್ 2000 ಎಂದು ತುಂಬಿದರು.

ಇನ್ನೊಂದೆರಡು ವಾರ ಕಳೆದ ಮೇಲೆ ಮ್ಯಾನೇಜರುಗಳು ಅವರ ಹತ್ತಿರ ಆ ಫಾರಂ ಕೇಳುವುದನ್ನು ನಿಲ್ಲಿಸಿದರು.