ಸರಾಫ ಅಂಗಡ್ಯಾಗ ಹೊಸ ಹುಡುಗ

ವಾಗದರಿಯ ನಮ್ಮಕ್ಕನ ಮಗನಿಗೆ ಅಕ್ಕಲಕೋಟದ ಸರಾಫ ಅಂಗಡಿಯಲ್ಲಿ ಕೆಲಸ ಸಿಕ್ಕಿದ್ದೇ ತಡ, ಊರಿಗೆ ಊರೇ ಅವನನ್ನು ಬಂಗಾರದ ದರ ಕೇಳತೊಡಗಿತು. ಕೊಳ್ಳುವುದಕ್ಕಲ್ಲ, ಕೇಳಿ "ಅಯ್ಯಯ್ಯಪ್ಪಾ" ಅನ್ನುವುದಕ್ಕೆ.

ಮೊದಲ ದಿನ ಅವನ ಕೈಗೆ ಬಂದದ್ದು ಬಂಗಾರವಲ್ಲ, ಕಸಬರಿಗೆ. ಗುಡಿಸಿದ್ದನ್ನು ಹೊರಗೆ ಚೆಲ್ಲಲು ಹೊರಟವನನ್ನು ಮಾಲಕರು ಬಾಗಿಲಲ್ಲೇ ತಡೆದರು: "ಏ ತಮ್ಮಾ, ಅದನ್ನ ಡಬ್ಬ್ಯಾಗ ಹಾಕು!" ಅಕ್ಕಸಾಲಿಗ ಕೂರುವ ಮೂಲೆಯ ಧೂಳಿನಲ್ಲಿ ಅರ ಹಾಕಿದ ಬಂಗಾರದ ಪುಡಿ ಇರುತ್ತದೆ. ಆ ಕಸ ಕೊಂಡು, ತೊಳೆದು, ಬಂಗಾರ ತೆಗೆಯುವವರೇ ಬೇರೆ ಇದ್ದಾರೆ. ಈಗ ಮನೆಯಲ್ಲಿ ಅಕ್ಕ ಕಸ ಹೊಡೆದರೂ ಇವನು ಬಗ್ಗಿ ನೋಡುತ್ತಾನೆ.

ಎರಡನೆಯ ಪಾಠ, ತೂಕಕ್ಕೆ ಮುಂಚೆ ಫ್ಯಾನ್ ಬಂದ್. ಮಿಲಿಗ್ರಾಂ ತೋರಿಸುವ ಕಾಟಾ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸೋಲಾಪುರ ಸೀಮೆಯ ಮೇ ತಿಂಗಳಲ್ಲಿ ಗಿರಾಕಿ, ಮಾಲಕ ಇಬ್ಬರೂ ಬೆವರುತ್ತ, ಉಸಿರು ಬಿಗಿಹಿಡಿದು ಕೂತಿರಬೇಕು.

ಮಾಲಕರ ಲೆಕ್ಕ ಮರಾಠಿಯಲ್ಲಿ, ಮುದುಕಿಯರ ಜಗಳ ಕನ್ನಡದಲ್ಲಿ. ಒಬ್ಬ ಆಯಿ ಹಳೆಯ ಪಾಟ್ಲಿ ತಂದಳು. "ನಮ್ಮತ್ತೀದು. ಭರ್ತಿ ಒಂದ ತೊಲಿ ಅದ." ಹಳೆ ತೊಲೆ ಅಂದರೆ 11.66 ಗ್ರಾಂ, ಈಗಿನ ಪೇಟೆಯ ತೊಲೆ 10. ನಮ್ಮ ಹುಡುಗ ತೂಕ ಬಿಟ್ಟು, ಹಾಲ್‌ಮಾರ್ಕ್, 916, 2023ರ ಏಪ್ರಿಲ್‌ನಿಂದ ಹೊಸ ಒಡವೆಗೆ ಕಡ್ಡಾಯವಾದ ಆರಂಕಿ ನಂಬರು ಎಲ್ಲ ಪಾಠ ಒಪ್ಪಿಸಿದ.

"ನಂಬರ್ ಇಲ್ಲಂದ್ರ ಬಂಗಾರ ಅಲ್ಲೇನೋ? ನಮ್ಮತ್ತಿಗೂ ನಂಬರ್ ಇದ್ದಿಲ್ಲ, ಅಕಿ ಅತ್ತಿ ಅಲ್ಲೇನು?"

ಮಾಲಕರು ಫ್ಯಾನ್ ಹಚ್ಚಿಸಿ, ಆಯಿಗೆ ಚಹಾ ತರಿಸಿದರು.