ಪುಕ್ಕಟೆ ಹಸುವಿಗೆ ಹುಲ್ಲು ಯಾರು ಹಾಕಬೇಕು?

"ಸಾರ್, ಲ್ಯಾಬಲ್ಲಿ ಕೋಹಾ ಓಪನ್ ಆಗ್ತಿಲ್ಲ." "ಪುಸ್ತಕದಲ್ಲಿ ಅದರ ಚಿತ್ರ ಇದೆಯಲ್ಲಮ್ಮ, ನೋಡ್ಕೊ." ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ತರಗತಿಗೆ ಈ ಸಂಭಾಷಣೆ ಕಲ್ಪಿತವಾದರೂ ಅಪರಿಚಿತವಲ್ಲ. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವುದು. ಅದನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸುವವಳೇ ಒಂದು ಲಾಗಿನ್‌ಗಾಗಿ ಅರ್ಧ ಸೆಮಿಸ್ಟರ್ ಕಾಯುವುದಾದರೆ, ಸೂತ್ರ ಉಳಿಯಿತು, ಸಮಯ ಹೋಯಿತು.

ಲ್ಯಾಬ್ ನಡೆಸಲು ಹಣ ಕೇಳಿದರೆ "ತಂತ್ರಾಂಶ ಪುಕ್ಕಟೆ ತಾನೆ, ಖರ್ಚೇನು?" ಎಂಬುದು ಆಡಳಿತದ ಆಕ್ಷೇಪ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ ಗ್ರಂಥಾಲಯ ನಿರ್ವಹಣಾ ತಂತ್ರಾಂಶ ಕೋಹಾ ಪುಕ್ಕಟೆಯೇ. ಆದರೆ ಸರ್ವರ್ ಕಾಯುವವರು, ಬ್ಯಾಕಪ್ ತೆಗೆಯುವವರು ಪುಕ್ಕಟೆ ಸಿಗುವುದಿಲ್ಲ. ದಾನವಾಗಿ ಬಂದ ಹಸುವೂ ಹುಲ್ಲು ಕೇಳುತ್ತದೆ. "ಮೊಬೈಲಿದೆ, ತಾವೇ ಕಲಿಯಲಿ" ಎನ್ನುವವರೂ ಉಂಟು. ಕಲಿಯಲಿ, ಆದರೆ ಪುಸ್ತಕದ ವಿವರ ಹಿಡಿದಿಡುವ ಮಾರ್ಕ್ (MARC) ದಾಖಲೆಯ 245ನೇ ಟ್ಯಾಗಿನಲ್ಲಿ ಶೀರ್ಷಿಕೆ ತುಂಬುವುದನ್ನು ಕಪ್ಪುಹಲಗೆಯ ಮೇಲೆ ಕಲಿಸುವುದು ನೀರಿಲ್ಲದ ಬಾವಿಯಲ್ಲಿ ಈಜು ಕಲಿಸಿದ ಹಾಗೆ. ನಾಳೆ ಊರಿನ ಗ್ರಂಥಾಲಯವನ್ನು ಗಣಕೀಕರಿಸಬೇಕಾದವಳು ಈ ವಿದ್ಯಾರ್ಥಿನಿಯೇ. ಆದ್ದರಿಂದ ಹೊಸ ಕಂಪ್ಯೂಟರಿಗಿಂತ ಮೊದಲು ಬೇಕಿರುವುದು ಒಬ್ಬ ತಾಂತ್ರಿಕ ಸಹಾಯಕ. "ಹಾಗಾದ್ರೆ ಲ್ಯಾಬಲ್ಲಿ ಕೋಹಾ ಯಾವತ್ತು ಓಪನ್ ಆಗುತ್ತೆ, ಸಾರ್?" "ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರೋ ದಿನ, ಕಣಮ್ಮ!"