ಬೀದರ್: ಬಳಸುವ ಮುನ್ನ ಓದಿ

ನೀವು ಆರಿಸಿಕೊಂಡಿರುವುದು ಅಪ್ಪಟ ಬಹಮನಿ ಮಾದರಿಯ ರಾಜಧಾನಿ. 15ನೇ ಶತಮಾನದಲ್ಲಿ ಅಹ್ಮದ್ ಶಾ ಕಲಬುರಗಿಯಿಂದ ಗಾದಿ ಎತ್ತಿಕೊಂಡು ಬಂದ ಮೇಲೆ ಸಿದ್ಧಗೊಂಡದ್ದು. ಬಿಡಿಭಾಗಗಳು ಈಗ ಸಿಗುವುದಿಲ್ಲ. ಗೈಡ್ ಇಲ್ಲದೆ ನಡೆದು ನೋಡುವವರು ಈ ಕೆಳಗಿನ ಸೂಚನೆಗಳನ್ನು ಪಾಲಿಸತಕ್ಕದ್ದು.

ಬೇಕಾಗುವ ಸಾಮಗ್ರಿ: ಸವೆದರೂ ಬೇಸರವಾಗದ ಚಪ್ಪಲಿ, ಕುಡಿಯುವ ನೀರು, ಟೋಪಿ. ಮೊಬೈಲಿನ ನಕ್ಷೆ ನಿಮ್ಮಿಷ್ಟ. ರಾಣಿಯರ ಪ್ರೇಮಕಥೆಗಳನ್ನು ಲಾಡ್ಜಿನಲ್ಲೇ ಬಿಟ್ಟು ಬರುವುದು.

1. ಚೌಬಾರಾದಿಂದ ಶುರುಮಾಡಿ. ನಾಲ್ಕು ದಾರಿ ಕೂಡುವಲ್ಲಿ ನಿಂತ ದುಂಡನೆಯ ಕಾವಲು ಗೋಪುರ ಇದು. ನಡುರಸ್ತೆಯಲ್ಲಿ ನಿಂತು ಕತ್ತೆತ್ತಬಾರದು. ಗೋಪುರ ಕಾಯುತ್ತದೆ, ಆಟೋ ಕಾಯುವುದಿಲ್ಲ. ದಾರಿ ಕೇಳಿದರೆ ‘ಸೀದಾ ಹೋಗ್ರಿ, ಕಿಲ್ಲಾ ಅಲ್ಲೇ ಅದ’ ಎನ್ನುತ್ತಾರೆ. ಸೀದಾ ಹೋಗುವಾಗ ಎದುರಾಗುವ ತಿರುವುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

2. ಕಿಲ್ಲಾ ಹಾದಿಯಲ್ಲೇ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಇರಾನಿನ ಗಿಲಾನ್ ಸೀಮೆಯಿಂದ ಬಂದು ವಜೀರನಾದವನು 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯ. ಮುಂಭಾಗದ ಎರಡು ಮಿನಾರುಗಳಲ್ಲಿ ಉಳಿದಿರುವುದು ಒಂದೇ. ‘ಇನ್ನೊಂದನ್ನು ಕಟ್ಟಲು ದುಡ್ಡು ಸಾಲಲಿಲ್ಲ’ ಎಂದು ಮಕ್ಕಳಿಗೆ ಹೇಳಬೇಡಿ. ಮೊಗಲರ ಕಾಲದಲ್ಲಿ ಇಲ್ಲಿ ಕೂಡಿಟ್ಟ ಮದ್ದಿನಪುಡಿ ಸಿಡಿದು ಅದು ಹೋಯಿತು. ಉಳಿದ ಮಿನಾರಿನ ಹತ್ತಿರ ಹೋಗಿ ನಿಲ್ಲಿ. ಮೈಸುತ್ತ ಅಂಕುಡೊಂಕಾಗಿ ಓಡುವ ಹೆಂಚಿನ ಪಟ್ಟೆ, ಅಲ್ಲಲ್ಲಿ ಕಿತ್ತುಹೋಗಿ ಬರಿಯ ಗಾರೆ, ಮತ್ತೆ ನೀಲಿ. ಕಿತ್ತ ಜಾಗವನ್ನು ಬಣ್ಣದ ಜಾಗದಷ್ಟೇ ಹೊತ್ತು ನೋಡತಕ್ಕದ್ದು.

ಎಚ್ಚರಿಕೆ: ಖಾಲಿ ಕಾಗದದ ಮೇಲೆ ನಿಮ್ಮ ಮೊಹರು ಬೀಳಲು ಬಿಡಬೇಡಿ. ಗವಾನನ ವೈರಿಗಳು ಹಾಗೆ ಮೊಹರು ಬಿದ್ದ ಕಾಗದ ಸಂಪಾದಿಸಿ, ಒಡಿಶಾದ ರಾಜನಿಗೆ ಬರೆದಂತೆ ದ್ರೋಹದ ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಣೆಯ ಗೋಜಿಗೆ ಹೋಗಲಿಲ್ಲ. 1481ರಲ್ಲಿ ವಜೀರನ ತಲೆ ಹೋಯಿತು. ಅಲ್ಲಿಂದ ಮುಂದೆ ರಾಜ್ಯವೂ ಚೇತರಿಸಿಕೊಳ್ಳಲಿಲ್ಲ.

3. ಕಿಲ್ಲಾ ಮುಟ್ಟಿದೊಡನೆ ಸೆಲ್ಫಿಗೆ ಬೆನ್ನು ತಿರುಗಿಸುವ ಮುನ್ನ ಕೆಳಗೆ ನೋಡಿ. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ ಅದು. ಒಳಗೆ ರಂಗೀನ್ ಮಹಲಿನ ಬಾಗಿಲಿಗೆ ಬೀಗವಿದ್ದರೆ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಚೂರುಗಳು ಅಲ್ಲಿವೆ. ಬೆರಳಿಂದ ಪರೀಕ್ಷಿಸಬಾರದು. ಕಿಲ್ಲಾದ ಹಳೆಯ ಮಣ್ಣನ್ನೂ ಕೇವಲವಾಗಿ ಕಾಣಬೇಡಿ: ಬಿದರಿ ಕುಶಲಕರ್ಮಿಗಳು ಅದನ್ನು ನವಸಾಗರದ ಜೊತೆ ಕುದಿಸಿ ಪಾತ್ರೆಗೆ ಹಚ್ಚಿದರೆ ಸತುವಿನ ಮೈ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ತೊಂದರೆಯೂ ಪರಿಹಾರವೂ:

ತೊಂದರೆ: ‘ಇಲ್ಲಿಂದ ಕಲಬುರಗಿಗೆ ಗುಪ್ತ ಸುರಂಗ ಇದೆಯಂತೆ’ ಎಂಬ ಮಾತು ಕಿವಿಗೆ ಬೀಳುತ್ತಿದೆ.
ಪರಿಹಾರ: ಯಾವ ಕೋಟೆಗೆ ಹೋದರೂ ಇದು ಬೀಳುತ್ತದೆ, ಗಾಬರಿ ಬೇಡ. ನಿಜವಾದ ಸುರಂಗ ಊರ ಹತ್ತಿರದ ನೌಬಾದಿನಲ್ಲಿದೆ. ಅದರಲ್ಲಿ ತಪ್ಪಿಸಿಕೊಂಡು ಓಡಿದ ರಾಣಿ ಯಾರೂ ಇಲ್ಲ, ಹರಿದದ್ದು ನೀರು. ಕರೇಜ್ ಎಂಬ ಈ ಪರ್ಷಿಯನ್ ವಿದ್ಯೆಯಲ್ಲಿ ಸಾಲು ಬಾವಿ ತೋಡಿ, ನೆಲದಡಿಯಲ್ಲೇ ಅವನ್ನು ಜೋಡಿಸಿ, ಇಳಿಜಾರಿನಲ್ಲಿ ನೀರನ್ನು ಊರಿಗೆ ತರುತ್ತಿದ್ದರು.

ತೊಂದರೆ: ಊರ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನನ ಸಮಾಧಿಯ ಗುಮ್ಮಟ ಅರ್ಧವೇ ಕಾಣುತ್ತಿದೆ.
ಪರಿಹಾರ: ಕಣ್ಣಿನ ದೋಷವಲ್ಲ. ಸಿಡಿಲು ಬಡಿದು ಸೀಳಿದೆ. ಗುಮ್ಮಟದ ಗೋಡೆ ಎಷ್ಟು ದಪ್ಪ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು.

ಖಾತರಿ: ಇಷ್ಟು ಮಾಡಿಯೂ ಬೀದರ್ ಹಿಡಿಸದಿದ್ದರೆ ಊರು ಹೊಣೆಯಲ್ಲ. ಬೆಳಿಗ್ಗೆ ಬಸ್ಸಿಳಿದು ಸಂಜೆ ಬಸ್ಸು ಹತ್ತುವವರಿಗೆ ಖಾತರಿ ಅನ್ವಯಿಸುವುದಿಲ್ಲ. ಕನಿಷ್ಠ ಎರಡು ದಿನ ಇಟ್ಟುಕೊಂಡು ಬನ್ನಿ.